ಒಟ್ಟಿಗೆ ಇದ್ದ ಹುಡುಗನನ್ನು ಬಿಟ್ಟು ಬರಬೇಕು: ಮೊದಲು ಹೇಳಬೇಕಾ, ಮೊದಲು ಹೊರಡಬೇಕಾ?

ತುಂಗಾತೀರ (ಪ್ರಶ್ನೆ)

ಚಿಕ್ಕಮ್ಮನ ಮಗಳ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 28, ಬೆಂಗಳೂರಲ್ಲಿ ಕೆಲಸ. ಎರಡೂವರೆ ವರ್ಷದಿಂದ ಒಬ್ಬ ಹುಡುಗನ ಜೊತೆ ಒಂದೇ ಬಾಡಿಗೆ ಮನೆಯಲ್ಲಿದ್ದಾಳೆ. ಮದುವೆ ಆಗಿಲ್ಲ, ಆದರೆ ಮನೆ ಓನರ್‌ಗೂ ಅಕ್ಕಪಕ್ಕದವರಿಗೂ ಗಂಡ ಹೆಂಡತಿ ಅಂತಲೇ ಹೇಳಿದ್ದಾರೆ. ಈಗಿನ ಪರಿಸ್ಥಿತಿ ಹೀಗಿದೆ: ದಿನಾ ರಾತ್ರಿ ಅವಳ ಫೋನ್ ತೆಗೆದು ನೋಡುತ್ತಾನೆ. ಸಂಬಳ ಜಂಟಿ ಖಾತೆಗೆ ಹೋಗುತ್ತದೆ. ಅವಳು ಬಳಸುವ ಸಿಮ್ ಅವನ ಹೆಸರಲ್ಲಿದೆ. ಅವಳ ಚಿನ್ನದ ಸರ ಅವನ ಹೆಸರಿನ ಗೋಲ್ಡ್ ಲೋನ್‌ನಲ್ಲಿದೆ. ಎರಡು ಸಲ ಕೆನ್ನೆಗೆ ಹೊಡೆದಿದ್ದಾನೆ, ಒಂದು ಸಲ ಕುತ್ತಿಗೆ ಹಿಡಿದಿದ್ದಾನೆ. ಬಿಡ್ತೀನಿ ಅಂದಾಗಲೆಲ್ಲ "ಸತ್ತು ಹೋಗ್ತೀನಿ, ನಿನ್ನ ಫೋಟೋ ಎಲ್ಲರಿಗೂ ಕಳಿಸ್ತೀನಿ" ಅನ್ನುತ್ತಾನೆ.

ಬಿಡುವುದು ಅಂತ ಅವಳು ತೀರ್ಮಾನ ಮಾಡಿ ಆಗಿದೆ. ಆ ಬಗ್ಗೆ ಚರ್ಚೆ ಬೇಡ. ನನ್ನ ಪ್ರಶ್ನೆ ಕ್ರಮದ ಬಗ್ಗೆ. ಎದುರು ಕೂತು ಹೇಳಿ ಬರುವುದು ಮರ್ಯಾದೆ ಅಂತ ಅವಳ ಅಭಿಪ್ರಾಯ. ಅದು ಸರಿಯಾ? ಫೋನ್, ದುಡ್ಡು, ಮನೆ ಅಗ್ರಿಮೆಂಟ್, ಪೊಲೀಸ್, ಇವುಗಳಲ್ಲಿ ಯಾವುದು ಮೊದಲು? ಶಿವಮೊಗ್ಗದಲ್ಲಿರುವ ಅಪ್ಪ ಅಮ್ಮನಿಗೆ ಇನ್ನೂ ಏನೂ ಗೊತ್ತಿಲ್ಲ.

ನೀಲಿಛತ್ರಿ

ಮೊದಲು ಹೊರಡಬೇಕು, ಆಮೇಲೆ ಹೇಳಬೇಕು. ಇಲ್ಲಿ ಎರಡನೇ ಮಾತೇ ಇಲ್ಲ. ಎದುರು ಕೂತು ಮಾತಾಡಿ ಬಿಡುವುದು ಒಳ್ಳೆಯ ಪದ್ಧತಿಯೇ, ಆದರೆ ಎದುರಿಗಿರುವವರು "ಬೇಡ" ಅನ್ನುವ ಮಾತನ್ನು ಕೇಳಿಸಿಕೊಂಡು ಸುಮ್ಮನಾಗಬಲ್ಲವರಾಗಿದ್ದರೆ ಮಾತ್ರ. ಕುತ್ತಿಗೆಗೆ ಕೈ ಹಾಕಿದವನ ವಿಷಯದಲ್ಲಿ ಆ ಪದ್ಧತಿ ನಡೆಯುವುದಿಲ್ಲ. ಇಂಥ ಹಿಂಸೆಗೆ ಒಳಗಾದವರಿಗೆ ನೆರವಾಗುವ ಕೆಲಸದಲ್ಲಿರುವವರು ಒಂದೇ ಒಂದು ಸಲ ಕುತ್ತಿಗೆ ಹಿಸುಕಿದ್ದನ್ನೂ ಹತ್ತು ಸಲ ಹೊಡೆದದ್ದಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಮುಂದೆ ಜೀವಕ್ಕೆ ಅಪಾಯವಾಗಬಹುದು ಅನ್ನುವುದಕ್ಕೆ ಅದು ದೊಡ್ಡ ಸೂಚನೆ. ಹಿಂಸೆ ಇರುವ ಸಂಬಂಧದಲ್ಲಿ ಅತಿ ಹೆಚ್ಚು ಅಪಾಯದ ಹೊತ್ತು ಬಿಟ್ಟು ಹೊರಡುವ ಹೊತ್ತೇ. ಹಿಡಿತ ಕೈತಪ್ಪುತ್ತಿದೆ ಅಂತ ಅವನಿಗೆ ಗೊತ್ತಾಗುವ ಗಳಿಗೆ ಅದು. ಆ ಗಳಿಗೆಯಲ್ಲಿ ಅವಳು ಅದೇ ಮನೆಯ ಅಡುಗೆಮನೆಯಲ್ಲಿ ನಿಂತಿರಬಾರದು.

ಆದ್ದರಿಂದ ಕ್ರಮ ಹೀಗೆ: ಇರಲು ಜಾಗ, ದಾಖಲೆ ಮತ್ತು ಸಾಕ್ಷಿ, ಸ್ವಂತ ಸಿಮ್ ಮತ್ತು ಖಾತೆ, ಹೊರಡುವ ದಿನ, ಕಡೆಗೆ ಆ ಒಂದು ಮೆಸೇಜ್. ಮಾತು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಮರ್ಯಾದೆ ಕಳೆದುಕೊಂಡಂತಾಗುತ್ತದೆ ಅಂತ ಅವಳಿಗೆ ಅನಿಸುವುದು ಸಹಜ, ಆದರೆ ಅವಳ ಮರ್ಯಾದೆ ಇದರಿಂದ ಒಂದಿಂಚೂ ಕಡಿಮೆಯಾಗುವುದಿಲ್ಲ.

ಮೆಸೇಜ್ ಹೇಗಿರಬೇಕು ಅಂತ ಎಲ್ಲರೂ ಕೇಳುತ್ತಾರೆ, ಹಾಗಾಗಿ ಬರೆದೇ ಕೊಡುತ್ತೇನೆ:

"ನಮ್ಮ ಸಂಬಂಧವನ್ನು ನಾನು ಇಂದಿಗೆ ಮುಗಿಸಿದ್ದೇನೆ. ಈ ತೀರ್ಮಾನ ಬದಲಾಗುವುದಿಲ್ಲ. ಇನ್ನು ಮುಂದೆ ನನಗೆ ಫೋನ್, ಮೆಸೇಜ್ ಮಾಡಬೇಡ, ಭೇಟಿಗೆ ಬರಬೇಡ, ನನ್ನ ಮನೆಯವರನ್ನಾಗಲಿ ಆಫೀಸಿನವರನ್ನಾಗಲಿ ಸಂಪರ್ಕಿಸಬೇಡ. ಮನೆ ಅಡ್ವಾನ್ಸ್, ಬ್ಯಾಂಕ್ ಖಾತೆ ಮತ್ತು ಸರದ ವಿಷಯ ಇದ್ದರೆ ಈ ಇಮೇಲ್‌ಗೆ ಮಾತ್ರ ಬರಿ."

ಇಷ್ಟೇ. ಕಾರಣ ಬರೆಯಬೇಡಿ. ಬರೆದ ಒಂದೊಂದು ಕಾರಣವೂ ವಾದಕ್ಕೆ ಕೊಟ್ಟ ಒಂದೊಂದು ಎಳೆ. "ನೀನು ಅನುಮಾನ ಪಡ್ತೀಯ" ಅಂತ ಬರೆದರೆ "ಇನ್ನು ಪಡಲ್ಲ" ಅನ್ನುವ ಉತ್ತರ ಬರುತ್ತದೆ, ಮಾತುಕತೆ ಮತ್ತೆ ಶುರುವಾಗುತ್ತದೆ. "ಸದ್ಯಕ್ಕೆ", "ಸ್ವಲ್ಪ ಟೈಮ್ ಬೇಕು", "ಫ್ರೆಂಡ್ಸ್ ಆಗಿರೋಣ" ಅನ್ನುವ ಪದಗಳು ಆ ಮೆಸೇಜಿನಲ್ಲಿ ಎಲ್ಲೂ ಇರಕೂಡದು. ನೋವಾಗದಿರಲಿ ಅಂತ ನಾವು ಸೇರಿಸುವ ಈ ಪದಗಳನ್ನು ಅವನು ತೆರೆದಿಟ್ಟ ಬಾಗಿಲು ಅಂತ ಓದಿಕೊಳ್ಳುತ್ತಾನೆ.

ಕಳಿಸಿದ ಮೇಲೆ ಏನಾಗುತ್ತದೆ ಅಂತ ಅವಳಿಗೆ ಮೊದಲೇ ಹೇಳಿಡಿ. ಅವನ ಕರೆಗಳು ಕಡಿಮೆಯಾಗುವ ಮೊದಲು ಜಾಸ್ತಿಯಾಗುತ್ತವೆ. ಇಷ್ಟು ದಿನ ಅತ್ತರೆ, ಕೂಗಾಡಿದರೆ ಕೆಲಸ ಆಗುತ್ತಿತ್ತು, ಈಗ ಆಗುತ್ತಿಲ್ಲ, ಹಾಗಾಗಿ ಇನ್ನೂ ಜೋರಾಗಿ ಮಾಡಿ ನೋಡುತ್ತಾನೆ. ಮೂವತ್ತೊಂಬತ್ತು ಸಲ ಎತ್ತದೆ ನಲವತ್ತನೇ ಸಲ ಎತ್ತಿದರೆ ಅವನು ಕಲಿಯುವುದು ಒಂದೇ: ನಲವತ್ತು ಸಲ ಮಾಡಬೇಕು. ಮೊದಲ ಎರಡು ಮೂರು ವಾರ ಹೀಗೆ ಏರುತ್ತದೆ ಅಂತ ಗೊತ್ತಿದ್ದರೆ "ಬಿಟ್ಟಿದ್ದೇ ತಪ್ಪಾಯ್ತೇನೋ, ಪರಿಸ್ಥಿತಿ ಇನ್ನೂ ಕೆಟ್ಟಿತಲ್ಲ" ಅಂತ ಅವಳು ಹಿಂದೆ ಸರಿಯುವುದಿಲ್ಲ.

ಸಾಯ್ತೀನಿ ಅನ್ನುವ ಮಾತನ್ನು ಬರೀ ನಾಟಕ ಅಂತ ತಳ್ಳಿಹಾಕಬೇಡಿ. ಹಾಗಂತ ಅವಳು ಅವನ ಬಳಿಗೆ ಓಡಿಹೋಗುವುದೂ ಉತ್ತರವಲ್ಲ. ಅವನ ಅಣ್ಣನದೋ ತಂದೆಯದೋ ನಂಬರ್ ಮೊದಲೇ ಬರೆದಿಟ್ಟುಕೊಳ್ಳಲಿ. ಅಂಥ ಮೆಸೇಜ್ ಬಂದ ತಕ್ಷಣ ಅವರಿಗೆ ಫಾರ್ವರ್ಡ್ ಮಾಡಿ, 112ಕ್ಕೆ ಕರೆ ಮಾಡಿ ಅವನಿರುವ ವಿಳಾಸ ಕೊಡಬೇಕು. ನಿಜವಾಗಿ ಕಷ್ಟದಲ್ಲಿದ್ದರೆ ಅವನಿಗೆ ಬೇಕಾದದ್ದು ಅವನ ಮನೆಯವರು ಮತ್ತು ವೈದ್ಯರು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಕನ್ನಡದಲ್ಲಿ ಸಿಗುತ್ತದೆ. ಆ ನಂಬರನ್ನೂ ಅವನ ಮನೆಯವರಿಗೇ ಕಳಿಸಲಿ. ಅವನಿಗೆ ನೇರವಾಗಿ ಬೇಡ.

ಬೀಗದಕೈ

ಫೋನ್ ವಿಷಯ ನಾನು ಹೇಳ್ತೀನಿ. ಎಲ್ಲರೂ ಮಾಡೋ ಮೊದಲ ತಪ್ಪು ಏನಂದ್ರೆ, ತೀರ್ಮಾನ ಮಾಡಿದ ದಿನವೇ ಪಾಸ್‌ವರ್ಡ್ ಬದಲಾಯಿಸಿಬಿಡೋದು. ದಿನಾ ರಾತ್ರಿ ಫೋನ್ ನೋಡೋನಿಗೆ ಅದೇ ರಾತ್ರಿ ಗೊತ್ತಾಗುತ್ತೆ. ಅವನ ಫೋನ್ ರಿಕವರಿ ನಂಬರ್ ಆಗಿದ್ರೆ ಅಲರ್ಟ್ ನೇರ ಅವನಿಗೇ ಹೋಗುತ್ತೆ. ಹೊರಡೋ ದಿನದವರೆಗೂ ಆ ಫೋನ್‌ನಲ್ಲಿ ಏನೂ ಬದಲಾಗಿಲ್ಲ ಅನ್ನೋ ಹಾಗೇ ಇರಬೇಕು.

ತಯಾರಿ ಎಲ್ಲ ಬೇರೆ ಸಾಧನದಲ್ಲಿ ನಡೀಲಿ. ಆಫೀಸ್ ಕಂಪ್ಯೂಟರ್ ಬೇಡ, ನಿಮ್ಮ ಫೋನೋ ಗೆಳತಿಯ ಫೋನೋ ಆಗಲಿ. ಅದರಲ್ಲಿ ಹೊಸ ಇಮೇಲ್ ತೆರೀಬೇಕು. ಅವನಿಗೆ ಊಹಿಸೋಕೆ ಆಗದ ಪಾಸ್‌ವರ್ಡ್, ಅಂದ್ರೆ ಹುಟ್ಟಿದ ದಿನ, ನಾಯಿ ಹೆಸರು, ಹಳೇ ಪಾಸ್‌ವರ್ಡಿನ ಕೊನೆಗೆ ಒಂದು ಅಂಕಿ ಸೇರಿಸಿದ್ದು ಯಾವುದೂ ಬೇಡ. ಅವಳ ಆಧಾರ್ ಕೊಟ್ಟು ಅವಳ ಹೆಸರಲ್ಲೇ ಹೊಸ ಸಿಮ್ ತಗೊಳ್ಳಿ. ಈಗಿನ ಸಿಮ್ ಅವನ ಹೆಸರಲ್ಲಿರೋದು ದೊಡ್ಡ ಅಪಾಯ. "ಸಿಮ್ ಕಳೆದಿದೆ" ಅಂತ ಹೇಳಿ ಅವನು ಡೂಪ್ಲಿಕೇಟ್ ತಗೊಂಡ್ರೆ ಬ್ಯಾಂಕ್ ಓಟಿಪಿಯಿಂದ ಹಿಡಿದು ವಾಟ್ಸಾಪ್‌ವರೆಗೂ ಅವನ ಕೈಗೆ ಹೋಗುತ್ತೆ. ಕಂಪನಿಯ ಲೆಕ್ಕದಲ್ಲಿ ಆ ನಂಬರಿನ ಮಾಲೀಕ ಅವನೇ. ಜೊತೆಗೆ ಸಂಚಾರ ಸಾಥಿ ಪೋರ್ಟಲಿನಲ್ಲಿ ಅವಳ ಹೆಸರಲ್ಲಿ ಎಷ್ಟು ನಂಬರ್ ಇವೆ ಅಂತ ನೋಡಿ. ಅವನು ಬಳಸ್ತಿರೋ ನಂಬರ್ ಅವಳ ಹೆಸರಲ್ಲಿದ್ರೆ ಅದನ್ನೂ ಸರಿಮಾಡಿಕೊಳ್ಳಬೇಕು.

ಆಧಾರ್‌ಗೆ ಹೊಸ ನಂಬರ್ ಜೋಡಿಸೋಕೆ ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಮಾಡಿಸಬಹುದು. ಅಪ್‌ಡೇಟ್ ಆಗೋಕೆ ಕೆಲವು ದಿನ ಹಿಡಿಯುತ್ತೆ, ಆದ್ದರಿಂದ ಇದನ್ನ ಕೊನೇ ವಾರಕ್ಕೆ ಇಟ್ಕೋಬೇಡಿ.

ಹೊರಡೋ ದಿನ, ಮನೆ ಬಿಟ್ಟು ಸುರಕ್ಷಿತ ಜಾಗ ತಲುಪಿದ ಮೇಲೆ ಒಂದೇ ಸಮ ಕೂತು ಮಾಡಬೇಕಾದ್ದು: ಗೂಗಲ್ ಖಾತೆಯಲ್ಲಿ ಮೊದಲು ರಿಕವರಿ ಇಮೇಲ್ ಮತ್ತು ನಂಬರ್ ಬದಲಾಯಿಸಿ, ಆಮೇಲೆ ಪಾಸ್‌ವರ್ಡ್, ಆಮೇಲೆ ಎಲ್ಲ ಸಾಧನಗಳಿಂದ ಸೈನ್ ಔಟ್, ಆಮೇಲೆ ಎರಡು ಹಂತದ ಪರಿಶೀಲನೆ. ಈ ಕ್ರಮ ತಪ್ಪಿಸಬೇಡಿ. ಪಾಸ್‌ವರ್ಡ್ ಬದಲಾಯಿಸಿ ರಿಕವರಿ ನಂಬರ್ ಹಾಗೇ ಬಿಟ್ರೆ ಅವನು "ಪಾಸ್‌ವರ್ಡ್ ಮರೆತಿದೆ" ಒತ್ತಿ ಹತ್ತು ನಿಮಿಷದಲ್ಲಿ ಒಳಗೆ ಬರ್ತಾನೆ. ಗೂಗಲ್ ಮ್ಯಾಪ್ಸಿನ ಲೊಕೇಶನ್ ಶೇರಿಂಗ್, ಗೂಗಲ್ ಫೋಟೋಸಿನ ಪಾರ್ಟ್‌ನರ್ ಶೇರಿಂಗ್ ಎರಡನ್ನೂ ತೆರೆದು ನೋಡಿ ನಿಲ್ಲಿಸಿ. ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್ ತೆರೆದ್ರೆ ಅವನ ಲ್ಯಾಪ್‌ಟಾಪ್ ಅಲ್ಲಿ ಕೂತಿರೋದು ಕಾಣಬಹುದು. ಲಾಗ್ ಔಟ್ ಮಾಡಿ, 6 ಅಂಕಿಯ ಪಿನ್ ಹಾಕಿ. ಐಫೋನ್ ಆಗಿದ್ರೆ ಸೆಟ್ಟಿಂಗ್ಸಿನಲ್ಲಿ ಸೇಫ್ಟಿ ಚೆಕ್ ಅಂತ ಇದೆ, ಯಾರ ಜೊತೆ ಏನೇನು ಹಂಚಿಕೆಯಾಗಿದೆ ಅನ್ನೋದನ್ನ ಒಂದೇ ಕಡೆ ತೋರಿಸಿ ನಿಲ್ಲಿಸುತ್ತೆ.

ಬಹಳ ಜನ ಮರೆಯೋದು ಬೆರಳಚ್ಚು. ಫೋನ್‌ನಲ್ಲಿ ಬೆರಳಚ್ಚು 1, 2, 3 ಅಂತ ಮೂರಿರುತ್ತೆ, ಮೂರನೇದು ಅವನದು. ಪಿನ್ ಎಷ್ಟು ಸಲ ಬದಲಾಯಿಸಿದ್ರೂ ಅವನ ಬೆರಳಿಗೆ ಫೋನ್ ತೆರೆದುಕೊಳ್ಳುತ್ತೆ. ಎಲ್ಲ ಅಳಿಸಿ ಅವಳದೊಂದೇ ಹೊಸದಾಗಿ ಸೇರಿಸಿ.

ಇನ್ನೊಂದು, ಊಟ ತರಿಸೋ ಆ್ಯಪ್. ಸ್ವಿಗ್ಗಿಯೋ ಝೊಮ್ಯಾಟೋನೋ ಒಂದೇ ಲಾಗಿನ್‌ನಲ್ಲಿ ಇಬ್ಬರೂ ಬಳಸ್ತಿದ್ರೆ, ಅವಳು ಹೊಸ ಪಿಜಿಗೆ ಒಂದು ಮಸಾಲೆದೋಸೆ ತರಿಸಿದ ಕೂಡಲೇ ಆ ವಿಳಾಸ ಫ್ಲ್ಯಾಟ್ ನಂಬರ್ ಸಮೇತ ಅವನ ಫೋನಲ್ಲಿ ಕಾಣುತ್ತೆ. ಅಮೆಜಾನ್, ಕ್ಯಾಬ್ ಆ್ಯಪ್‌ಗಳದ್ದೂ ಇದೇ ಕಥೆ. ಕಾರಲ್ಲಿ ಹೋಗೋದಾದ್ರೆ ಫಾಸ್ಟ್ಯಾಗ್ ಯಾರ ಮೊಬೈಲಿಗೆ ಜೋಡಿಸಿದೆ ನೋಡಿ. ನೆಲಮಂಗಲ ಟೋಲ್ ದಾಟಿದ ಎಸ್‌ಎಂಎಸ್ ಅವನಿಗೆ ಹೋದ್ರೆ ಊರ ಕಡೆ ಹೊರಟಿದ್ದಾಳೆ ಅಂತ ಆಗಲೇ ಗೊತ್ತಾಯ್ತು.

ಸುಮ್ಮನೆ_ಓದುಗ

ಇಷ್ಟೆಲ್ಲ ಯಾಕೆ? ಎಲ್ಲ ಕಡೆ ಬ್ಲಾಕ್ ಮಾಡಿ ಹಳೇ ಚಾಟ್ ಡಿಲೀಟ್ ಮಾಡಿದರೆ ಮನಸ್ಸೂ ಹಗುರ, ಕೆಲಸವೂ ಮುಗಿಯಿತು.

ವಕೀಲೆ_ಹಾಸನ

ಡಿಲೀಟ್ ಅಂತೂ ಬೇಡವೇ ಬೇಡ. ಬ್ಲಾಕ್ ಕೂಡ ಈ ಪ್ರಕರಣದಲ್ಲಿ ಈಗಲೇ ಬೇಡ. ಬೆದರಿಕೆಯೇ ಇಲ್ಲದ ಸಂಬಂಧವಾಗಿದ್ದರೆ ನಿಮ್ಮ ಮಾತು ಸರಿ. ಇಲ್ಲಿ ಬೆದರಿಕೆ ಇದೆ. ಬ್ಲಾಕ್ ಮಾಡಿದರೆ ಅವನು ಏನು ಹೇಳುತ್ತಿದ್ದಾನೆ, ಎಲ್ಲಿಗೆ ಬರುತ್ತಿದ್ದಾನೆ ಅನ್ನುವುದು ತಿಳಿಯುವುದಿಲ್ಲ, ಸಾಕ್ಷಿಯೂ ಸೇರುವುದಿಲ್ಲ. ವಾಟ್ಸಾಪಿನಲ್ಲಿ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ, ದಿನಕ್ಕೊಮ್ಮೆ ಅವಳಲ್ಲ, ನೀವು ತೆರೆದು ನೋಡಿ. ಅವಳಿಗೆ ಅದನ್ನು ಓದುವ ಹೊರೆ ಬೇಡ.

ಸಾಕ್ಷಿ ತೆಗೆದಿಡುವ ಕ್ರಮದಲ್ಲೇ ಬಹಳ ಪ್ರಕರಣ ಸೋಲುತ್ತವೆ. ಸ್ಕ್ರೀನ್‌ಶಾಟಿನಲ್ಲಿ ಬರೀ "ಚಿನ್ನು" ಅಂತ ಸೇವ್ ಮಾಡಿದ ಹೆಸರು ಕಂಡರೆ ಅದು ಯಾರು ಅಂತ ಪ್ರಶ್ನೆ ಬರುತ್ತದೆ. ನಂಬರ್ ಕಾಣುವ ಪುಟದ ಸ್ಕ್ರೀನ್‌ಶಾಟನ್ನೂ ತೆಗೆಯಿರಿ, ದಿನಾಂಕ ಸಮಯ ಕಾಣುವಂತಿರಲಿ. ಚಾಟ್ ಎಕ್ಸ್‌ಪೋರ್ಟ್ ಮಾಡಿ ಹೊಸ ಇಮೇಲ್‌ಗೆ ಕಳಿಸಿ, ಕಳಿಸಿದ ಗುರುತನ್ನು ಹಳೇ ಫೋನಿನಿಂದ ಅಳಿಸಿ. ಮುಖ್ಯವಾಗಿ ಮೂಲ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ನ್ಯಾಯಾಲಯದಲ್ಲಿ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಸಾಧನ ಕೈಯಲ್ಲಿದ್ದರೆ ಅದು ಸುಲಭ. ಹೊಡೆದ ಗುರುತು ಇದ್ದರೆ ಫೋಟೋ ಜೊತೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೇಗಾಯಿತು ಅನ್ನುವುದನ್ನು ಚೀಟಿಯಲ್ಲಿ ಬರೆಸಿ. "ಬಾತ್‌ರೂಮಲ್ಲಿ ಜಾರಿ ಬಿದ್ದೆ" ಅಂತ ಒಮ್ಮೆ ಬರೆಸಿದರೆ ಅದೇ ದಾಖಲೆ ಮುಂದೆ ಅವಳ ವಿರುದ್ಧ ನಿಲ್ಲುತ್ತದೆ.

ನೀಲಿಛತ್ರಿಯವರು ಬರೆದ ಆ ಒಂದು ಮೆಸೇಜಿಗೆ ಕಾನೂನಿನ ಬೆಲೆಯೂ ಇದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 78ರಲ್ಲಿ ಬೆನ್ನು ಬೀಳುವುದು ಅಪರಾಧ. ಆಸಕ್ತಿ ಇಲ್ಲ ಅಂತ ಹೆಣ್ಣು ಸ್ಪಷ್ಟವಾಗಿ ತಿಳಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು, ಹಿಂಬಾಲಿಸುವುದು, ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಅದರೊಳಗೆ ಬರುತ್ತದೆ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಶಿಕ್ಷೆ. "ಸ್ಪಷ್ಟವಾಗಿ ತಿಳಿಸಿದ ಮೇಲೂ" ಅನ್ನುವುದನ್ನು ತೋರಿಸಲು ಆ ಮೆಸೇಜು, ಅದರ ದಿನಾಂಕ ಸಾಕು. ಆದರೆ ಅದಾದ ಮೇಲೆ ಅವಳೇ ಎರಡು ದಿನಕ್ಕೊಮ್ಮೆ ಉತ್ತರ ಕೊಡುತ್ತಿದ್ದರೆ ಆ ಸ್ಪಷ್ಟತೆ ಹೋಯಿತು.

ಮದುವೆಯಾಗಿಲ್ಲ, ಕಾನೂನು ಬರುವುದಿಲ್ಲ ಅಂತ ಅವನು ಹೆದರಿಸಬಹುದು. ಅದು ತಪ್ಪು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ 2005 ವಿವಾಹದ ಸ್ವರೂಪದ ಸಂಬಂಧಕ್ಕೂ ಅನ್ವಯಿಸುತ್ತದೆ. ಯಾವುದು ಅಂಥ ಸಂಬಂಧ ಅನ್ನುವುದಕ್ಕೆ ಸುಪ್ರೀಂ ಕೋರ್ಟ್ 2010ರ ವೇಲುಸ್ವಾಮಿ ಪ್ರಕರಣದಲ್ಲಿ ಅಳತೆಗೋಲು ಕೊಟ್ಟಿದೆ: ಸಮಾಜದ ಮುಂದೆ ಗಂಡ ಹೆಂಡತಿಯಂತೆ ತೋರಿಸಿಕೊಂಡಿರಬೇಕು, ಇಬ್ಬರಿಗೂ ಮದುವೆಯ ವಯಸ್ಸು ಆಗಿರಬೇಕು, ಮದುವೆಯಾಗಲು ಬೇರೆ ಅಡ್ಡಿ ಇರಬಾರದು, ಸ್ವಇಚ್ಛೆಯಿಂದ ಗಣನೀಯ ಕಾಲ ಒಟ್ಟಿಗೆ ಬಾಳಿರಬೇಕು. ವಾರಾಂತ್ಯಕ್ಕೆ ಬಂದು ಹೋಗುವುದು ಸಾಲದು ಅಂತಲೂ ಹೇಳಿದೆ. ನೀವು ಬರೆದ ಎರಡೂವರೆ ವರ್ಷ, ಓನರ್‌ಗೆ ಹೇಳಿದ ಮಾತು, ಬಾಡಿಗೆ ಅಗ್ರಿಮೆಂಟ್ ಎಲ್ಲ ಅದಕ್ಕೆ ಹೊಂದುತ್ತವೆ. ಅವನಿಗೆ ಬೇರೆ ಮದುವೆ ಆಗಿಲ್ಲ ಅನ್ನುವುದನ್ನು ಮಾತ್ರ ಖಚಿತಪಡಿಸಿಕೊಳ್ಳಿ. 2013ರ ಇಂದ್ರಾ ಶರ್ಮ ಪ್ರಕರಣ ಬೆಂಗಳೂರಿನದೇ. ಪುರುಷನಿಗೆ ಮದುವೆಯಾಗಿದೆ ಅಂತ ಗೊತ್ತಿದ್ದೂ ಇದ್ದ ಸಂಬಂಧ ಅದರಡಿ ಬರುವುದಿಲ್ಲ ಅಂತ ಅಲ್ಲಿ ತೀರ್ಪಾಯಿತು.

ಈ ಕಾನೂನಿನ ದೊಡ್ಡ ಅನುಕೂಲ ಏನೆಂದರೆ, ಅವಳು ಈಗ ತಾತ್ಕಾಲಿಕವಾಗಿ ಎಲ್ಲಿದ್ದಾಳೋ ಅಲ್ಲಿನ ಮ್ಯಾಜಿಸ್ಟ್ರೇಟ್ ಮುಂದೆಯೇ ಅರ್ಜಿ ಹಾಕಬಹುದು. ಶಿವಮೊಗ್ಗಕ್ಕೆ ಹೋದರೆ ಶಿವಮೊಗ್ಗದಲ್ಲೇ. ಕಲಂ 18ರ ರಕ್ಷಣಾ ಆದೇಶದಲ್ಲಿ ಅವನು ಅವಳನ್ನು ಸಂಪರ್ಕಿಸಬಾರದು, ಅವಳ ಆಫೀಸಿಗೆ ಹೋಗಬಾರದು ಅಂತ ಕೇಳಬಹುದು. ತುರ್ತು ಇದ್ದರೆ ಕಲಂ 23ರಡಿ ಅವನ ಗೈರುಹಾಜರಿಯಲ್ಲೂ ಮಧ್ಯಂತರ ಆದೇಶ ಸಿಗುತ್ತದೆ. ಆದೇಶ ಮೀರಿದರೆ 1 ವರ್ಷದವರೆಗೆ ಜೈಲು ಅಥವಾ 20,000 ರೂ.ವರೆಗೆ ದಂಡ, ಅಥವಾ ಎರಡೂ. ಅರ್ಜಿಯನ್ನು ರಕ್ಷಣಾಧಿಕಾರಿಯ ಮೂಲಕ ಹಾಕಿಸಬಹುದು. ನಮ್ಮ ರಾಜ್ಯದಲ್ಲಿ ಆ ಜವಾಬ್ದಾರಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ (ಸಿಡಿಪಿಒ) ಇದೆ. ವಕೀಲರ ಖರ್ಚಿಗೆ ಹೆದರಬೇಡಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ, ನಂಬರ್ 15100. ಮೊದಲ ವಿಚಾರಣೆ ಮೂರು ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಅಂತ ಕಾನೂನು ಹೇಳುತ್ತದೆ. ನ್ಯಾಯಾಲಯದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಮಧ್ಯಂತರ ಆದೇಶವನ್ನು ಮೊದಲ ದಿನವೇ ಒತ್ತಿ ಕೇಳಿ.

ಪೊಲೀಸ್ ಠಾಣೆಯಲ್ಲಿ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರೆ ಶೂನ್ಯ ಎಫ್‌ಐಆರ್ ಮಾಡಿ ಅಂತ ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 173ರ ಪ್ರಕಾರ, ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಾದರೆ ಅದು ಎಲ್ಲೇ ನಡೆದಿರಲಿ, ಮಾಹಿತಿ ದಾಖಲಿಸಲೇಬೇಕು. ದೂರಿನಲ್ಲಿ ನಡೆದದ್ದನ್ನು ನಡೆದಷ್ಟೇ ಬರೆಯಿರಿ. ಕೇಸ್ ಗಟ್ಟಿಯಾಗಲಿ ಅಂತ ಇಲ್ಲದ್ದನ್ನು ಸೇರಿಸಲು ಯಾರಾದರೂ ಹೇಳಿದರೆ ಕೇಳಬೇಡಿ. ಸುಳ್ಳಾದ ಒಂದು ಸಾಲಿನಿಂದ ನಿಜವಾದ ಹತ್ತು ಸಾಲು ಬಿದ್ದುಹೋಗುತ್ತವೆ.

ಬೀಗದಕೈ

ಫೋಟೋ ಬೆದರಿಕೆ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಬೆದರಿಕೆಗೆ ಮಣಿದು ವಾಪಸ್ ಹೋದ್ರೆ ಫೋಟೋ ಅವನ ಹತ್ರವೇ ಇರುತ್ತೆ, ಬೆದರಿಕೆಯೂ ಹಾಗೇ ಇರುತ್ತೆ. ಸ್ಟಾಪ್ ಎನ್‌ಸಿಐಐ ಅಂತ ಒಂದು ಉಚಿತ ತಾಣ ಇದೆ. ಅವಳ ಹತ್ರ ಆ ಫೋಟೋದ ಪ್ರತಿ ಇದ್ರೆ, ಫೋಟೋ ಅವಳ ಫೋನ್ ಬಿಟ್ಟು ಹೊರಗೆ ಹೋಗದೇನೇ ಅದರ ಗುರುತಿನ ಸಂಕೇತವನ್ನಷ್ಟೇ ಮಾಡಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಥರದ ವೇದಿಕೆಗಳಿಗೆ ಕೊಡುತ್ತೆ. ಅದೇ ಚಿತ್ರ ಅಲ್ಲಿ ಹಾಕಿದ್ರೆ ತಡೆಯೋಕೆ ಆಗುತ್ತೆ. ಫೋಟೋವನ್ನ ಕತ್ತರಿಸಿಯೋ ಬದಲಾಯಿಸಿಯೋ ಹಾಕಿದ್ರೆ ತಪ್ಪಿಸಿಕೊಳ್ಳಬಹುದು, ಅವನ ಫೋನಲ್ಲಿರೋದನ್ನ ಅಳಿಸೋಕೂ ಆಗಲ್ಲ, ಆದ್ರೂ ಮಾಡಿಡೋದು ಒಳ್ಳೇದು. ಹಂಚಿಬಿಟ್ರೆ ತಕ್ಷಣ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಡಿ, 1930ಕ್ಕೂ ಕರೆ ಮಾಡಿ. ಲಿಂಕ್ ಮತ್ತು ಸ್ಕ್ರೀನ್‌ಶಾಟ್ ತೆಗೆದ ಮೇಲೇ ರಿಪೋರ್ಟ್ ಒತ್ತಿ, ಯಾಕಂದ್ರೆ ವೇದಿಕೆಯವರು ತೆಗೆದುಹಾಕಿದ ಮೇಲೆ ತೋರಿಸೋಕೆ ಏನೂ ಉಳಿಯಲ್ಲ.

ತುಂಗಾತೀರ

ಎಲ್ಲರಿಗೂ ತುಂಬಾ ಉಪಕಾರ. ಅವನಿಗೆ ಬೇರೆ ಮದುವೆ ಆಗಿಲ್ಲ. ಅಗ್ರಿಮೆಂಟ್ ಇಬ್ಬರ ಹೆಸರಲ್ಲೂ ಇದೆ. ಅಡ್ವಾನ್ಸ್ ಒಂದೂವರೆ ಲಕ್ಷ, ಅದರಲ್ಲಿ ಒಂದು ಲಕ್ಷ ಇವಳದು. ಜಂಟಿ ಖಾತೆಯಲ್ಲಿರುವ ದುಡ್ಡನ್ನೆಲ್ಲ ಮೊದಲೇ ತೆಗೆದುಬಿಡಬಹುದಾ? ಸರ ವಾಪಸ್ ಬರುತ್ತದಾ?

ಪಾಸ್‌ಬುಕ್

ಖಾತೆ "ಇಬ್ಬರಲ್ಲಿ ಯಾರಾದರೂ" ಅನ್ನುವ ಷರತ್ತಿನಲ್ಲಿದ್ದರೆ ಬ್ಯಾಂಕಿನ ಮಟ್ಟಿಗೆ ಯಾರು ಬೇಕಾದರೂ ಪೂರ್ತಿ ತೆಗೆಯಬಹುದು. ಅವಳೂ ತೆಗೆಯಬಹುದು, ಅವನೂ ತೆಗೆಯಬಹುದು. ಆದರೆ ಪೂರ್ತಿ ತೆಗೆಯಬೇಡಿ ಅನ್ನುತ್ತೇನೆ. ಕಳೆದ ಎರಡೂವರೆ ವರ್ಷದ ಸ್ಟೇಟ್‌ಮೆಂಟ್ ಪಿಡಿಎಫ್ ಇಳಿಸಿಕೊಂಡು, ಅವಳ ಸಂಬಳ ಎಷ್ಟು ಬಿದ್ದಿದೆ, ಅವನದೆಷ್ಟು, ಬಾಡಿಗೆ ಎಷ್ಟು ಹೋಗಿದೆ ಅಂತ ಒಂದು ಹಾಳೆಯಲ್ಲಿ ಲೆಕ್ಕ ಹಾಕಿ. ಅವಳ ಪಾಲಿಗೆ ಬರುವಷ್ಟನ್ನೇ ಹೊರಡುವ ದಿನ ಬೆಳಗ್ಗೆ ಹೊಸ ಖಾತೆಗೆ ಹಾಕಿಕೊಳ್ಳಲಿ. ಪೂರ್ತಿ ತೆಗೆದರೆ "ದುಡ್ಡು ಕದ್ದು ಓಡಿಹೋದಳು" ಅನ್ನುವ ಮಾತನ್ನು ಊರೆಲ್ಲ ಹೇಳಲು ಅವನಿಗೆ ದಾರಿ ಸಿಗುತ್ತದೆ, ಪ್ರತಿದೂರು ಕೊಡಲೂ ಕಾರಣ ಸಿಗುತ್ತದೆ.

ಹೊಸ ಖಾತೆ ಬೇರೆ ಬ್ಯಾಂಕಿನಲ್ಲೇ ಆಗಲಿ, ಅದೇ ಶಾಖೆಯಲ್ಲಿ ಬೇಡ. ಸ್ಟೇಟ್‌ಮೆಂಟ್ ಮತ್ತು ಡೆಬಿಟ್ ಕಾರ್ಡ್ ಆಫೀಸಿನ ವಿಳಾಸಕ್ಕೋ ನಿಮ್ಮ ವಿಳಾಸಕ್ಕೋ ಬರಲಿ. ಕಾರ್ಡಿನ ಲಕೋಟೆ ಆ ಮನೆಗೆ ಬಂದು ಅವನ ಕೈಗೆ ಸಿಕ್ಕರೆ ಎಲ್ಲ ಯೋಜನೆ ಅಲ್ಲಿಗೇ ಬಯಲು. ಸಂಬಳದ ಖಾತೆ ಬದಲಾವಣೆಯನ್ನು ಆಫೀಸಿಗೆ ತಿಂಗಳ ಮಧ್ಯದೊಳಗೆ ಕೊಡಬೇಕು. ಕೊನೆಯ ವಾರ ಕೊಟ್ಟರೆ ಆ ತಿಂಗಳ ಸಂಬಳ ಹಳೇ ಖಾತೆಗೇ ಬೀಳುತ್ತದೆ. ಆದ್ದರಿಂದ ಹೊರಡುವ ದಿನವನ್ನು ಸಂಬಳದ ದಿನಕ್ಕೆ ಹೊಂದಿಸಿಕೊಳ್ಳಿ: ಸಂಬಳ ಹಳೇ ಖಾತೆಗೆ ಬಿದ್ದ ಮಾರನೇ ದಿನ ಹೊರಟರೆ ಮುಂದಿನ ಸಂಬಳಕ್ಕೆ ಇಡೀ ತಿಂಗಳು ಕೈಯಲ್ಲಿರುತ್ತದೆ.

ಹೊರಟ ದಿನವೇ ಜಂಟಿ ಖಾತೆಯ ಶಾಖೆಗೆ ಒಂದು ಪತ್ರ: "ಇನ್ನು ಮುಂದೆ ಇಬ್ಬರ ಸಹಿ ಇಲ್ಲದೆ ಈ ಖಾತೆಯಿಂದ ಹಣ ಕೊಡಬೇಡಿ." ಸಾಮಾನ್ಯವಾಗಿ ಒಬ್ಬ ಖಾತೆದಾರರು ಹೀಗೆ ಬರೆದುಕೊಟ್ಟರೆ ಬ್ಯಾಂಕ್ ವಹಿವಾಟು ತಡೆಯುತ್ತದೆ. ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಆದರೆ ಆ ಖಾತೆಯಿಂದ ಯಾವುದಾದರೂ ಇಎಂಐ ಹೋಗುತ್ತಿದ್ದರೆ ಮೊದಲೇ ನೋಡಿ. ಜಂಟಿ ಸಾಲವಾಗಿದ್ದರೆ ಕಂತು ಬೌನ್ಸ್ ಆದಾಗ ಇಬ್ಬರ ಸಿಬಿಲ್ ಅಂಕವೂ ಇಳಿಯುತ್ತದೆ. "ನಾವು ಬೇರೆಯಾದೆವು" ಅನ್ನುವುದು ಬ್ಯಾಂಕಿಗೆ ಸಂಬಂಧವಿಲ್ಲದ ಮಾತು, ಸಹಿ ಹಾಕಿದ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ನಾಮಿನಿಗಳನ್ನೂ ಬದಲಾಯಿಸಿ: ಬ್ಯಾಂಕ್, ವಿಮೆ, ಮ್ಯೂಚುಯಲ್ ಫಂಡ್, ಪಿಎಫ್. ಯುಪಿಐ ಆ್ಯಪಿನಲ್ಲಿ ಆಟೋಪೇ ತೆರೆದು ಅವನ ಒಟಿಟಿ, ರೀಚಾರ್ಜ್ ಯಾವುದಾದರೂ ಅವಳ ಖಾತೆಯಿಂದ ಹೋಗುತ್ತಿದೆಯಾ ನೋಡಿ ನಿಲ್ಲಿಸಿ. ಹೊಸ ಸಿಮ್‌ನಲ್ಲಿ ಯುಪಿಐ ಹಾಕಿದ ಮೊದಲ ದಿನ ಕಳಿಸುವ ಮೊತ್ತಕ್ಕೆ ಕಡಿಮೆ ಮಿತಿ ಇರುತ್ತದೆ. ಹಾಗಾಗಿ ಸಾಗಣೆಯ ದಿನಕ್ಕೆ ನಗದು ಹತ್ತು ಸಾವಿರವಾದರೂ ಪರ್ಸಿನಲ್ಲಿರಲಿ.

ಸರದ ವಿಷಯ ಕಷ್ಟ. ಗೋಲ್ಡ್ ಲೋನಿನಲ್ಲಿ ಅಡ ಇಟ್ಟವರಿಗೇ ಒಡವೆ ವಾಪಸ್ ಕೊಡುತ್ತಾರೆ, ನಿಜವಾಗಿ ಯಾರದು ಅಂತ ಅವರು ಕೇಳುವುದಿಲ್ಲ. ಈಗಲೇ ಆಗಬೇಕಾದ್ದು, ಅಡದ ಚೀಟಿಯ ಫೋಟೋ. ಅದರಲ್ಲಿ ಸಾಲದ ನಂಬರ್, ತೂಕ, ಒಡವೆಯ ವಿವರ, ಕಟ್ಟಬೇಕಾದ ಗಡುವು ಇರುತ್ತದೆ. ಗಡುವು ಮೀರಿದರೆ ನೋಟಿಸ್ ಬರುವುದು ಅವನಿಗೆ, ಹರಾಜಾದರೂ ಅವಳಿಗೆ ಗೊತ್ತಾಗುವುದಿಲ್ಲ. ಸರ ಕೊಂಡ ಬಿಲ್ಲು, ಅವಳು ಅದನ್ನು ಹಾಕಿಕೊಂಡಿರುವ ಹಳೇ ಫೋಟೋ ಎರಡನ್ನೂ ಜೊತೆ ಮಾಡಿ ವಕೀಲರಿಗೆ ಕೊಡಿ. 2005ರ ಕಾಯ್ದೆಯ ಅರ್ಜಿಯಲ್ಲೇ ಒಡವೆ ವಾಪಸ್ ಕೊಡಿಸಿ ಅಂತ ಕೇಳಬಹುದು.

ಅಡ್ವಾನ್ಸಿಗೆ, ಅಗ್ರಿಮೆಂಟಿನಲ್ಲಿರುವ ನೋಟಿಸ್ ಅವಧಿ ನೋಡಿ ಓನರ್‌ಗೆ ಇಮೇಲ್ ಅಥವಾ ವಾಟ್ಸಾಪಿನಲ್ಲಿ ಬರೆಯಲಿ: ಇಂಥ ತಾರೀಖಿನಿಂದ ನಾನು ಇರುವುದಿಲ್ಲ, ನಾನು ಕೊಟ್ಟ ಒಂದು ಲಕ್ಷವನ್ನು ನನ್ನ ಈ ಖಾತೆಗೇ ಹಾಕಿ, ಅವರಿಗೆ ಕೊಡಬೇಡಿ. ಕೊಟ್ಟಾಗಿನ ಟ್ರಾನ್ಸ್‌ಫರ್ ರಸೀದಿ ಲಗತ್ತಿಸಲಿ. ಇದನ್ನು ಹೊರಟ ಮೇಲೆಯೇ ಕಳಿಸಬೇಕು, ಓನರ್ ಮೊದಲು ಫೋನ್ ಮಾಡುವುದು ಅವನಿಗೇ ಇರಬಹುದು.

ನೀಲಿಛತ್ರಿ

ಹೊರಡುವ ದಿನದ ಬಗ್ಗೆ. ವಾರದ ದಿನ, ಅವನು ಆಫೀಸಿನಲ್ಲಿರುವ ಹೊತ್ತು, ಬೆಳಗ್ಗೆ 11ರಿಂದ 1ರೊಳಗೆ. ಜೊತೆಗೆ ಇಬ್ಬರು ಇರಲಿ, ಒಬ್ಬರು ಕೆಳಗೆ ಗಾಡಿಯ ಹತ್ತಿರ. ಟಾಟಾ ಏಸ್ ಒಂದು ಟ್ರಿಪ್‌ಗೆ ಎಷ್ಟು ಹಿಡಿಯುತ್ತದೋ ಅಷ್ಟೇ. ಎರಡನೇ ಟ್ರಿಪ್ ಬೇಡ. ಫ್ರಿಜ್, ಮಂಚ, ವಾಷಿಂಗ್ ಮಷಿನ್ ಬಿಟ್ಟು ಬನ್ನಿ, ಒಂದೊಂದರ ಫೋಟೋ ತೆಗೆದುಕೊಂಡರೆ ಸಾಕು, ಆಮೇಲೆ ಲೆಕ್ಕ ಮಾಡಬಹುದು.

ಬಿಡಬಾರದ್ದು ಒಂದೇ ಒಂದು ಫೈಲು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಿಂದ ಹಿಡಿದು ಡಿಗ್ರಿವರೆಗಿನ ಮೂಲ ಪ್ರತಿಗಳು, ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಚೆಕ್ ಪುಸ್ತಕ, ಬಾಡಿಗೆ ಅಗ್ರಿಮೆಂಟಿನ ಪ್ರತಿ, ಆಫೀಸಿನ ಐಡಿ. ಜೊತೆಗೆ ಒಂದು ತಿಂಗಳ ಔಷಧಿ. ಈ ಫೈಲು ಹೊರಡುವ ದಿನದ ಚೀಲದಲ್ಲಿ ಇರಬಾರದು, ಒಂದು ವಾರ ಮೊದಲೇ ಎರಡೆರಡು ಕಾಗದದಂತೆ ಆಫೀಸ್ ಬ್ಯಾಗಿನಲ್ಲಿ ಹೊರಗೆ ಬಂದು ನಿಮ್ಮ ಮನೆ ಸೇರಿರಬೇಕು. ಅಕಸ್ಮಾತ್ ಆ ದಿನ ಅವನು ಮಧ್ಯಾಹ್ನ ಮನೆಗೆ ಬಂದುಬಿಟ್ಟರೆ, ಬಟ್ಟೆ ಬಿಟ್ಟು ಓಡಿಬರಬಹುದು, ಅಂಕಪಟ್ಟಿ ಬಿಟ್ಟು ಬಂದರೆ ಅದಕ್ಕಾಗಿ ಮತ್ತೆ ಆ ಬಾಗಿಲು ಬಡಿಯಬೇಕಾಗುತ್ತದೆ. ಮರೆತ ವಸ್ತು ತರಲು ಅವಳು ಒಬ್ಬಳೇ ಯಾವತ್ತೂ ಹೋಗಬಾರದು. "ನಿನ್ನ ಸಾಮಾನು ಇಲ್ಲೇ ಇದೆ, ಬಂದು ತಗೊಂಡು ಹೋಗು" ಅನ್ನುವುದು ಕರೆಸಿಕೊಳ್ಳುವ ಹಳೇ ದಾರಿ.

ಬಸ್ಸಿನಲ್ಲಿ ಊರಿಗೆ ಹೋಗುವುದಾದರೆ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸು ಒಳ್ಳೆಯದು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ಗೆ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು, ಬುಕಿಂಗ್ ಎಸ್‌ಎಂಎಸ್ ಇಲ್ಲ, ಖಾತೆಯಲ್ಲಿ ಗುರುತೂ ಉಳಿಯುವುದಿಲ್ಲ. ತಕ್ಷಣ ಎಲ್ಲೂ ಜಾಗ ಸಿಗದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ ಸಖಿ ಒನ್ ಸ್ಟಾಪ್ ಸೆಂಟರ್ ಕೇಳಿ, ಅಲ್ಲಿ 5 ದಿನದವರೆಗೆ ಉಳಿಯಬಹುದು, ಪೊಲೀಸ್, ವೈದ್ಯಕೀಯ, ಕಾನೂನು ನೆರವಿನ ವ್ಯವಸ್ಥೆ ಅಲ್ಲಿಂದಲೇ ಆಗುತ್ತದೆ.

ಅಪ್ಪ ಅಮ್ಮನಿಗೆ ಹೊರಡುವ ಹಿಂದಿನ ದಿನವಾದರೂ ಗೊತ್ತಾಗಬೇಕು, ಅವಳ ಬಾಯಿಂದ ಅಥವಾ ನಿಮ್ಮ ಬಾಯಿಂದ. ಇಲ್ಲದಿದ್ದರೆ ಅವನೇ ಮೊದಲು ಫೋನ್ ಮಾಡಿ ಅತ್ತು ತನ್ನ ಕಥೆ ಹೇಳುತ್ತಾನೆ. ಚಿಕ್ಕಮ್ಮನಿಗೆ ಒಟ್ಟಿಗೆ ಇದ್ದದ್ದು ಗೊತ್ತಾದ ಆಘಾತ ಒಂದು ಕಡೆ, "ಇಷ್ಟು ಪ್ರೀತಿಸುವ ಹುಡುಗ, ಮದುವೆ ಮಾಡಿಸಿಬಿಡೋಣ" ಅನ್ನುವ ಆಸೆ ಇನ್ನೊಂದು ಕಡೆ. ರಾಜಿ ಪಂಚಾಯ್ತಿ ಶುರುವಾಗುವುದು ಇಲ್ಲಿಂದಲೇ. ಒಟ್ಟಿಗೆ ಇದ್ದದ್ದರ ಚರ್ಚೆ ಆಮೇಲೆ ಎಷ್ಟು ಬೇಕಾದರೂ ಆಗಲಿ, ಮೊದಲು "ಕುತ್ತಿಗೆ ಹಿಡಿದಿದ್ದಾನೆ" ಅನ್ನುವ ಮಾತು ಅವರ ಕಿವಿಗೆ ಬೀಳಲಿ. ಅವನ ಫೋನ್ ಬಂದರೆ ಹೇಳಬೇಕಾದ್ದು ಒಂದೇ ವಾಕ್ಯ ಅಂತ ಕಲಿಸಿಡಿ: "ಅವಳ ತೀರ್ಮಾನ ಅವಳದು, ನಮಗೆ ಫೋನ್ ಮಾಡಬೇಡಪ್ಪ." ಅವಳು ಎಲ್ಲಿದ್ದಾಳೆ ಅನ್ನುವುದಕ್ಕೆ ಉತ್ತರವೇ ಬೇಡ.

ಬಂದ ಮೇಲೆ ಮೊದಲ ತಿಂಗಳು ಅವಳಿಗೇ ಅವನ ನೆನಪು ಜೋರಾಗಿ ಬರುತ್ತದೆ, ಹೆಚ್ಚಾಗಿ ರಾತ್ರಿ. ಅವನ ಡಿಪಿ ನೋಡಬೇಕು ಅನಿಸುತ್ತದೆ. ಇದರಿಂದ ಅವಳು ತಪ್ಪು ತೀರ್ಮಾನ ಮಾಡಿದಳು ಅಂತಾಗುವುದಿಲ್ಲ. ಹೊಡೆತ, ಆಮೇಲೆ ಅಳು, ಆಮೇಲೆ ಹೂವು, ಹೀಗೆ ಎಂದೋ ಒಮ್ಮೆ ಸಿಗುವ ಪ್ರೀತಿಗೆ ಮನಸ್ಸು ದಿನಾ ಸಿಗುವ ಪ್ರೀತಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಈಗಲೇ, ನೆನಪು ಹಸಿಯಾಗಿರುವಾಗ, ತಾರೀಖು ಹಾಕಿ ನಡೆದದ್ದನ್ನು ಕೈಬರಹದಲ್ಲಿ ಎರಡು ಪುಟ ಬರೆಸಿ ನೀವು ಇಟ್ಟುಕೊಳ್ಳಿ. ಒಳ್ಳೆಯ ದಿನಗಳು ಮಾತ್ರ ನೆನಪಾಗುವ ರಾತ್ರಿ ಅದನ್ನು ಓದಲು ಕೊಡಿ. ಎರಡು ವಾರ ದಾಟಿದರೂ ನಿದ್ದೆ, ಊಟ ಸರಿಹೋಗದಿದ್ದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ ಆ ದಿನವೇ, ಮನೋವೈದ್ಯರಿಗೆ ತೋರಿಸಿ. ಶಿವಮೊಗ್ಗದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲೇ ಸಿಗುತ್ತಾರೆ. 14416 ಅವಳಿಗೂ ಇದೆ.

ಕೆರೆಏರಿ

ಗಂಡು ಹುಡುಗ ಇಂಥದರಿಂದ ಹೊರಬರಬೇಕಾದರೆ ಇದರಲ್ಲಿ ಯಾವುದು ಅನ್ವಯಿಸುತ್ತದೆ?

ವಕೀಲೆ_ಹಾಸನ

ಫೋನ್, ದುಡ್ಡು, ದಾಖಲೆ, ಒಂದೇ ಮೆಸೇಜು, ಹೊರಡುವ ಕ್ರಮ ಎಲ್ಲವೂ ಹಾಗೇ ಅನ್ವಯಿಸುತ್ತದೆ. 2005ರ ಕಾಯ್ದೆ ಮತ್ತು ಕಲಂ 78 ಹೆಣ್ಣುಮಕ್ಕಳ ರಕ್ಷಣೆಗೆ ಮಾತ್ರ. ಗಂಡಸರಿಗೆ ಬೆದರಿಕೆ ಇದ್ದರೆ ನ್ಯಾಯ ಸಂಹಿತೆಯ ಕಲಂ 351, ಬೆದರಿಸಿ ದುಡ್ಡು ಕಿತ್ತರೆ ಕಲಂ 308, ಖಾಸಗಿ ಚಿತ್ರ ಹಂಚಿದರೆ ಐಟಿ ಕಾಯ್ದೆ 66ಇ ಮತ್ತು 67ಎ. "ಸುಳ್ಳು ಕೇಸ್ ಹಾಕ್ತೀನಿ" ಅಂತ ಬರೆದು ಕಳಿಸಿದ ಮೆಸೇಜ್ ಇದ್ದರೆ ಅದನ್ನು ಅಳಿಸಬೇಡಿ. ಬೆದರಿಕೆ ಬಂದಾಗಲೇ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ತುಂಗಾತೀರ

ಕೊನೆಯದಾಗಿ ಒಂದು. ಇಬ್ಬರಿಗೂ ಬೇಕಾದ ಗೆಳತಿಯ ಮದುವೆ ಮುಂದಿನ ತಿಂಗಳು ತುಮಕೂರಿನಲ್ಲಿದೆ. ಅವನೂ ಬರುತ್ತಾನೆ. ಇವಳಿಗೆ ಹೋಗಬೇಕು ಅಂತ ಆಸೆ.

ನೀಲಿಛತ್ರಿ

ಹೋಗದೆ ಇದ್ದರೆ ಒಳ್ಳೆಯದು. ಮದುಮಗಳಿಗೆ ನಿಜ ಹೇಳಿದರೆ ಅವಳು ಅರ್ಥ ಮಾಡಿಕೊಳ್ಳುತ್ತಾಳೆ, ಒಂದು ವಾರ ಮೊದಲೇ ಅವಳ ಮನೆಗೆ ಹೋಗಿ ಉಡುಗೊರೆ ಕೊಟ್ಟು ಬರಬಹುದು. ಹೋಗಲೇಬೇಕು ಅಂದರೆ ಹಿಂದಿನ ರಾತ್ರಿಯ ರಿಸೆಪ್ಷನ್ ಬೇಡ. ಅಲ್ಲಿ ಜನ ತಡವಾಗಿ ಬರುತ್ತಾರೆ, ಪಾರ್ಕಿಂಗ್ ಕತ್ತಲು, ಗೆಳೆಯರ ಗುಂಪು ಕುಡಿದಿರಬಹುದು. ಬೆಳಗ್ಗೆ ಧಾರೆಗೆ ಹೋಗಲಿ, ಆ ಹೊತ್ತಿಗೆ ಮಂಟಪದ ತುಂಬ ಮನೆಯ ಹಿರಿಯರೇ ಇರುತ್ತಾರೆ. ನೀವು ಪಕ್ಕದಲ್ಲಿರಿ. ಅಕ್ಷತೆ ಹಾಕಿ, ಮೊದಲ ಪಂಕ್ತಿಯಲ್ಲಿ ಊಟ ಮುಗಿಸಿ, ಗಾಡಿಯನ್ನು ಛತ್ರದ ಗೇಟಿನ ಹೊರಗೆ ಊರ ಕಡೆ ಮುಖ ಮಾಡಿ ನಿಲ್ಲಿಸಿಕೊಂಡಿರಿ. ಯಾರೋ ಬಂದು "ಪಾಪ, ಹೊರಗೆ ನಿಂತಿದ್ದಾನೆ, ಎರಡೇ ನಿಮಿಷ ಮಾತಾಡು" ಅಂತ ಕೈ ಹಿಡಿದು ಕರೆದರೂ ಅವಳು ಎದ್ದು ಹೋಗಬಾರದು.